ಹದಿನೆಂಟು ಮೀಟರಿನ ಪ್ರಾಮಾಣಿಕತೆ

‘ಕಮಾನು’ ಎಂಬ ಪದ ನಮಗೆಲ್ಲ ಗೊತ್ತು. ಬಾಗಿಲ ಕಮಾನು, ಮಸೀದಿಯ ಕಮಾನು ಎನ್ನುತ್ತೇವೆ. ಪಾರಸಿಯಲ್ಲಿ ಕಮಾನ್ ಎಂದರೆ ಬಿಲ್ಲು. ಉರ್ದುವಿನಲ್ಲಿ ಇಂದಿಗೂ ಬಿಲ್ಲು-ಬಾಣಕ್ಕೆ ತೀರ್-ಕಮಾನ್ ಎನ್ನುತ್ತಾರೆ. ಬಿಲ್ಲಿನ ಬಾಗು ಕಟ್ಟಡಕ್ಕೂ ಹೆಸರು ಕೊಟ್ಟಿತು.

ಕನ್ನಡ ನಾಡಿಗೂ ಬಿಲ್ಲು ಹೊಸದಲ್ಲ. ನಮ್ಮ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದ ವೀರರಿದ್ದಾರೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇಗುಲದ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾತಿಯೂ ಇದ್ದಾಳೆ. ನಮ್ಮ ರಾಜ್ಯ ಸರ್ಕಾರ ಕ್ರೀಡಾಪಟುಗಳಿಗೆ ನೀಡುವ ಪ್ರಶಸ್ತಿಯ ಹೆಸರು ಏಕಲವ್ಯ.

ಬಂದೂಕು ಬಂದ ಮೇಲೆ ಬಿಲ್ಲು ರಣರಂಗ ಬಿಟ್ಟು ಆಟದ ಬಯಲಿಗೆ ಬಂತು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ 1844ರಲ್ಲಿ ಮೊದಲ ರಾಷ್ಟ್ರೀಯ ಬಿಲ್ಲುಗಾರಿಕೆ ಕೂಟ ನಡೆಯಿತು. ಗುರಿಫಲಕದ ಐದು ಬಣ್ಣಗಳಿಗೆ ಅಲ್ಲಿ 9, 7, 5, 3, 1 ಎಂಬ ಅಂಕಗಳನ್ನು ಕೊಡುವ ಪದ್ಧತಿ ಬೆಳೆಯಿತು. 1931ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಅದರ ಫಲಕದಲ್ಲಿ ಪ್ರತಿ ಬಣ್ಣವೂ ಎರಡು ವೃತ್ತವಾಗಿ, ಅಂಕ 10ರಿಂದ 1ರವರೆಗೆ ಹರಡಿತು. 1972ರಲ್ಲಿ ಈ ಆಟ ಒಲಿಂಪಿಕ್ಸ್‌ಗೆ ಮರಳಿತು. ಮರುವರ್ಷ ಭಾರತೀಯ ಬಿಲ್ಲುಗಾರಿಕೆ ಸಂಸ್ಥೆ ಸ್ಥಾಪನೆಯಾಯಿತು. ಮೊದಲ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್ ನಡೆದದ್ದು 1991ರಲ್ಲಿ, ಫಿನ್ಲೆಂಡಿನ ಔಲು ನಗರದಲ್ಲಿ.

ಒಲಿಂಪಿಕ್ಸ್‌ನ ಗುರಿ 70 ಮೀಟರ್ ದೂರದಲ್ಲಿರುತ್ತದೆ. ನಮ್ಮ ಇಟ್ಟಮಡುವಿನ ಇಕ್ಕಟ್ಟಿನ ರಸ್ತೆಗಳ ನಡುವೆ ಅಷ್ಟು ಬಯಲು ಎಲ್ಲಿ ಸಿಗಬೇಕು? ಒಳಾಂಗಣ ಸುತ್ತಿಗಾದರೆ 18 ಮೀಟರ್ ಸಾಕು, ಉದ್ದನೆಯ ಸಭಾಂಗಣವೊಂದಿದ್ದರೆ ನಡೆಯುತ್ತದೆ. ಫಲಕದ ಅಗಲ 40 ಸೆಂಟಿಮೀಟರ್. ಎರಡು ಸೀಟಿಗೆ ಗೆರೆಗೆ ಬರಬೇಕು, ಒಂದು ಸೀಟಿಗೆ ಬಾಣ ಬಿಡಲು ಆರಂಭಿಸಬೇಕು. ಮೂರು ಬಾಣಕ್ಕೆ ನಿಗದಿತ ಸಮಯ. ಮೂರು ಸೀಟಿ ಕೇಳಿದ ಮೇಲೆಯೇ ಫಲಕದತ್ತ ನಡೆಯಬೇಕು. ಹೀಗೆ ಇಪ್ಪತ್ತು ಸರದಿ, 60 ಬಾಣ, ಗರಿಷ್ಠ 600 ಅಂಕ. ನೆದರ್ಲೆಂಡ್ಸ್‌ನ ಮೈಕ್ ಷ್ಲೂಸರ್ 2015ರಲ್ಲಿ ಫ್ರಾನ್ಸಿನ ನೀಮ್ ನಗರದಲ್ಲಿ ಕಾಂಪೌಂಡ್ ಬಿಲ್ಲಿನಿಂದ ಪೂರ್ಣ 600 ಗಳಿಸಿದ ಮೊದಲಿಗರಾದರು.

ಶಿಕ್ಷಕನಾದ ನನಗೆ ಅತಿ ಹೆಚ್ಚು ಹಿಡಿಸಿದ್ದು ಅಂಕ ಬರೆಯುವ ರೀತಿ. ಬಿಲ್ಲುಗಾರನೇ ತನ್ನ ಬಾಣದ ಅಂಕವನ್ನು ಗಟ್ಟಿಯಾಗಿ ಹೇಳಬೇಕು, ಅದೇ ಫಲಕದ ಎದುರಾಳಿಗಳು ಪರಿಶೀಲಿಸಬೇಕು. ಬಾಣ ಗೆರೆಯನ್ನು ಮುಟ್ಟಿದ್ದರೆ ಹೆಚ್ಚಿನ ಅಂಕವೇ ಸಲ್ಲುತ್ತದೆ. ಒಮ್ಮತವಿಲ್ಲದಿದ್ದರೆ ತೀರ್ಪುಗಾರರ ಮಾತೇ ಅಂತಿಮ. ಅಂಕ ಬರೆದು ಮುಗಿಯುವ ತನಕ ಬಾಣವನ್ನಾಗಲಿ ಫಲಕವನ್ನಾಗಲಿ ಯಾರೂ ಮುಟ್ಟುವಂತಿಲ್ಲ. ಕೀಳುವ ಮುನ್ನ ಪ್ರತಿ ತೂತಿಗೂ ಗುರುತು ಹಾಕಬೇಕು. ಗುರಿ ತಪ್ಪಿದರೆ ‘ಎಂ’ ಎಂದು ಬರೆಯಬೇಕು. ಮೂರರ ಬದಲು ನಾಲ್ಕು ಬಾಣ ಬಿಟ್ಟವನಿಗೆ ಕಡಿಮೆ ಅಂಕದ ಮೂರು ಬಾಣಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ, ಒಳ್ಳೆಯ ಬಾಣ ಹೋಗುತ್ತದೆ!

ಅಂಕಗಳಿಗಾಗಿ ಪರದಾಡುವ ನನ್ನ ಪ್ರಿಯ ವಿದ್ಯಾರ್ಥಿಗಳೇ, ಇದನ್ನು ಸ್ವಲ್ಪ ಯೋಚಿಸಿ. ಇಲ್ಲಿ ಪರೀಕ್ಷೆ ಬರೆದವನೇ ತನ್ನ ಅಂಕವನ್ನು ಓದಿ ಹೇಳುತ್ತಾನೆ, ಎದುರಾಳಿಯೇ ಅದಕ್ಕೆ ಸಾಕ್ಷಿಯಾಗುತ್ತಾನೆ. ‘ಒಂಬತ್ತು’ ಎನ್ನಬೇಕಾದಲ್ಲಿ ‘ಹತ್ತು’ ಎನ್ನಲು ನಾಲಿಗೆಗೆ ಕಷ್ಟವೇನಿಲ್ಲ. ಹಾಗೆನ್ನದಿರುವುದೇ ನಿಜವಾದ ಅಭ್ಯಾಸ. ಬಿಲ್ಲನ್ನು ತರಬೇತುದಾರರಿಲ್ಲದೆ ಹಿಡಿಯಬೇಡಿ. ಈ ಅಭ್ಯಾಸಕ್ಕೆ ಮಾತ್ರ ಬಿಲ್ಲೂ ಬೇಡ, ಬಯಲೂ ಬೇಡ. ನಾಳೆಯ ತರಗತಿಯಿಂದಲೇ ಆರಂಭಿಸಬಹುದು.