ಕುಸ್ತಿ ನಿಜವೋ, ನಾಟಕವೋ?



1990ರ ದಶಕದಲ್ಲಿ ನನ್ನ ತರಗತಿಯಲ್ಲಿ ಕುಳಿತವರಿಗೆ ಈ ಶೀರ್ಷಿಕೆ ನೋಡಿದೊಡನೆ ನಗು ಬಂದಿರಬೇಕು. ಕೇಬಲ್ ಟಿ.ವಿ. ಊರಿಗೆ ಬಂದ ಹೊಸತು. ಮೊದಲನೆಯ ಪಾಣಿಪತ್ ಕದನದ ಇಸವಿ ಕೇಳಿದರೆ ತಲೆ ತಗ್ಗಿಸುತ್ತಿದ್ದ ಹುಡುಗರು ಡಬ್ಲ್ಯುಡಬ್ಲ್ಯುಎಫ್ ಮಲ್ಲರ ಎತ್ತರ, ತೂಕ, ಎದೆಯ ಸುತ್ತಳತೆಗಳನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಟ್ರಂಪ್ ಕಾರ್ಡುಗಳ ಕೃಪೆ! ಅಂಡರ್‌ಟೇಕರ್ ಏಳು ಸಲ ಸತ್ತು ಬದುಕಿದವನೆಂದು ಒಬ್ಬನ ವಾದ. ನಮ್ಮ ಅಕ್ಷಯ್ ಕುಮಾರ್ ಅವನನ್ನೇ ಸೋಲಿಸಿದ್ದಾನೆಂದು ಇನ್ನೊಬ್ಬನ ಉತ್ತರ. 1996ರ 'ಖಿಲಾಡಿಯೋಂ ಕಾ ಖಿಲಾಡಿ' ಚಿತ್ರದಲ್ಲಿ ಆ ವೇಷ ಹಾಕಿದ್ದವನು ಬ್ರಯಾನ್ ಲೀ ಎಂಬ ಬೇರೊಬ್ಬ ಮಲ್ಲ. ಅವನೇ 1994ರಲ್ಲಿ ಅಮೆರಿಕದ ಅಖಾಡದಲ್ಲಿಯೂ 'ನಕಲಿ ಅಂಡರ್‌ಟೇಕರ್' ಆಗಿ ಬಂದಿದ್ದ. ವೇಷಕ್ಕೊಂದು ವೇಷ ಎನ್ನಬೇಕು.

ವಾದ ತೀರದಿದ್ದಾಗ ಹುಡುಗರು ನನ್ನ ಬಳಿಗೆ ಬರುತ್ತಿದ್ದರು: "ಸಾರ್, ಅದು ನಿಜವಾ, ನಾಟಕವಾ?" ತರಗತಿಯಲ್ಲಿ ಇದಕ್ಕೆ ವಿಸ್ತಾರವಾಗಿ ಉತ್ತರಿಸಲು ಸಮಯವಿರಲಿಲ್ಲ. ಈಗ ಇದೆ. ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಅಭಿಮಾನಿಗಳು ನೂರು ವರ್ಷಗಳಿಂದ ಇದನ್ನೇ ಕೇಳುತ್ತ ಬಂದಿದ್ದಾರೆ. ಪ್ರಶ್ನೆ ಬದಲಾಗಿಲ್ಲ, ಉತ್ತರ ಮಾತ್ರ ಕಾಲಕಾಲಕ್ಕೆ ಬದಲಾಗಿದೆ.

ಮೊದಲು 1910ರ ಲಂಡನ್ನಿಗೆ ಹೋಗೋಣ. ಆ ವರ್ಷ ಪಂಜಾಬಿನ ಗಾಮಾ ಪೈಲ್ವಾನ್ ತನ್ನ ತಮ್ಮ ಇಮಾಮ್ ಬಕ್ಷನೊಡನೆ ಇಂಗ್ಲೆಂಡಿಗೆ ಹೋದ. ಎತ್ತರ ಸಾಲದೆಂದು ಅವನನ್ನು ಅಲ್ಲಿನ ಪಂದ್ಯಾವಳಿಗೆ ಸೇರಿಸಿಕೊಳ್ಳಲಿಲ್ಲವೆಂದೂ, ಆಗ ಅವನು ಅಲ್ಲಿದ್ದ ಮಲ್ಲರಿಗೆಲ್ಲ ಸವಾಲು ಹಾಕಿದನೆಂದೂ ಅಭಿಮಾನಿಗಳು ಹೇಳುತ್ತಾರೆ. ಅಮೆರಿಕದ ಬೆಂಜಮಿನ್ ರೋಲರನನ್ನು ಸೋಲಿಸಿದ ಮೇಲೆ, ಸೆಪ್ಟೆಂಬರ್ 10ರಂದು ಪೋಲೆಂಡ್ ಮೂಲದ ಸ್ಟಾನಿಸ್ಲಾಸ್ ಜಿಬಿಸ್ಕೋ ಎಂಬ ಭಾರೀ ಆಳಿನೊಡನೆ ಅವನ ಪಂದ್ಯ ನಡೆಯಿತು. ಜಿಬಿಸ್ಕೋ ಸ್ವಲ್ಪ ಹೊತ್ತಿನಲ್ಲೇ ಕೆಳಗೆ ಬಿದ್ದು, ಚಾಪೆಯನ್ನು ಆಮೆಯಂತೆ ಕಚ್ಚಿ ಹಿಡಿದು ಮಲಗಿದ. ಎರಡೂವರೆ ಗಂಟೆಗೂ ಮಿಕ್ಕಿ ಗಾಮಾ ಅವನನ್ನು ಮಗುಚಲು ಹೆಣಗಿದ, ಆಗಲಿಲ್ಲ. ಪಂದ್ಯವನ್ನು ಒಂದು ವಾರ ಮುಂದೂಡಿದರು. ಜಿಬಿಸ್ಕೋ ಬರಲೇ ಇಲ್ಲ. ಗಾಮಾ ಗೆದ್ದನೆಂದು ಘೋಷಿಸಿದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಪಂದ್ಯ ಪೂರ್ತಿ ಅಪ್ಪಟವಾದದ್ದು, ಆದರೆ ಹಣ ಕೊಟ್ಟು ಬಂದವರಿಗೆ ಅದರಷ್ಟು ಬೇಸರದ ನೋಟ ಮತ್ತೊಂದಿರಲಾರದು. ಅಮೆರಿಕದಲ್ಲೂ ಇದೇ ಪಾಡಾಯಿತು. 1916ರ ಜುಲೈ 4ರಂದು ಒಮಾಹಾ ನಗರದಲ್ಲಿ ಜೋ ಸ್ಟೆಕರ್ ಮತ್ತು ಎಡ್ 'ಸ್ಟ್ರಾಂಗ್ಲರ್' ಲೂಯಿಸ್ ಸುಮಾರು ಐದು ಗಂಟೆ ಹಿಡಿದಾಡಿ ಸಮಬಲರಾಗಿ ಎದ್ದರು. ಟಿಕೆಟ್ ಮಾರುವವರಿಗೆ ಇಂಥ ಸತ್ಯದಿಂದ ಹೊಟ್ಟೆ ತುಂಬುವಂತಿರಲಿಲ್ಲ. ಮೊದಲೇ ಮಾತಾಡಿಕೊಂಡು ಆಡುವ ಪಂದ್ಯಗಳು ಅದಕ್ಕೂ ಹಿಂದೆ ಇದ್ದವು, ನಿಜ. ಆದರೆ ಅದನ್ನೊಂದು ಕ್ರಮಬದ್ಧ ಉದ್ಯಮವನ್ನಾಗಿ ಮಾಡಿದವರು 1920ರ ದಶಕದಲ್ಲಿ ಇದೇ ಲೂಯಿಸ್, ಅವನ ವ್ಯವಸ್ಥಾಪಕ ಬಿಲ್ಲಿ ಸ್ಯಾಂಡೋ ಮತ್ತು ಟೂಟ್ಸ್ ಮಾಂಡ್ಟ್ ಎಂಬ ಮೂವರು. ಪಂದ್ಯಕ್ಕೆ ಕಾಲಮಿತಿ ಬಂತು, ಎತ್ತಿ ಒಗೆಯುವ ಅಬ್ಬರದ ಪಟ್ಟುಗಳು ಬಂದವು, ನಾಟಕ ಮಂಡಳಿಯಂತೆ ಊರೂರು ಸುತ್ತುವ ಮಲ್ಲರ ತಂಡ ಬಂತು. ಯಾರು ಗೆಲ್ಲಬೇಕೆಂಬುದು ಕಣಕ್ಕೆ ಇಳಿಯುವ ಮೊದಲೇ ತೀರ್ಮಾನವಾಗತೊಡಗಿತು.

ಲಂಡನ್ನಿನಲ್ಲಿ ಚಾಪೆ ಕಚ್ಚಿದ ಜಿಬಿಸ್ಕೋನ ಮುಂದಿನ ಕಥೆ ಸ್ವಾರಸ್ಯಕರವಾದದ್ದು. 1925ರಲ್ಲಿ ಆ ಮೂವರು ವೇಯ್ನ್ ಮನ್ ಎಂಬ ಫುಟ್‌ಬಾಲ್ ಆಟಗಾರನನ್ನು ವಿಶ್ವಚಾಂಪಿಯನ್ ಮಾಡಿದ್ದರು. ಆಳು ಆಜಾನುಬಾಹು, ವಿದ್ಯೆ ಕಡಿಮೆ. ಏಪ್ರಿಲ್ 15ರಂದು ಫಿಲಡೆಲ್ಫಿಯಾದಲ್ಲಿ ವಯಸ್ಸಾದ ಜಿಬಿಸ್ಕೋ ಅವನಿಗೆ ಸೋತುಕೊಡಬೇಕೆಂದು ಒಪ್ಪಂದವಾಗಿತ್ತು. ಆದರೆ ಮುದುಕ ಒಳಗೊಳಗೇ ಎದುರಾಳಿ ಗುಂಪಿನೊಡನೆ ಕೈಜೋಡಿಸಿದ್ದ. ಅಂದು ಅವನು ನಿಜವಾಗಿಯೇ ಕುಸ್ತಿ ಹಿಡಿದ, ಮನ್‌ನನ್ನು ಮತ್ತೆ ಮತ್ತೆ ಚಿತ್ ಮಾಡಿದ. ನೋಡುತ್ತಿದ್ದ ಜನರಿಗೆ ಇದೂ ಎಂದಿನ ಪಂದ್ಯವೇ. ನಾಟಕದ ನಡುವೆ ಸತ್ಯ ಸಂಭವಿಸಿತ್ತು. ಅದು ವಂಚನೆಯ ರೂಪದಲ್ಲಿ ಬಂದಿತ್ತು!

ಅದಾಗಿ ಮೂರು ವರ್ಷಕ್ಕೆ, 1928ರ ಜನವರಿಯಲ್ಲಿ, ಪಟಿಯಾಲ ಮಹಾರಾಜರ ಆಶ್ರಯದಲ್ಲಿ ಗಾಮಾ ಮತ್ತು ಜಿಬಿಸ್ಕೋ ಮತ್ತೆ ಎದುರಾದರು. ಈ ಸಲ ಲಂಡನ್ನಿನ ಚಾಪೆಯಿರಲಿಲ್ಲ, ನಮ್ಮ ಅಖಾಡದ ಮಣ್ಣು. ಒಂದು ನಿಮಿಷ ತುಂಬುವ ಮೊದಲೇ ಜಿಬಿಸ್ಕೋನ ಬೆನ್ನು ನೆಲ ಮುಟ್ಟಿತು. ಗಾಮಾನ ಹೆಸರು ಹೇಳಿ ಇಂದಿಗೂ ಮೀಸೆ ತಿರುವುವ ಗರಡಿಯ ಹಿರಿಯರಿಗೆ ಈ ಒಂದು ನಿಮಿಷವೇ ಸಾಕ್ಷಿ.

ಗಾಮಾನಂಥವರನ್ನು ಸಾಕಿದ್ದು ರಾಜಸಂಸ್ಥಾನಗಳು. ಹಾಲು, ಬಾದಾಮಿ, ತುಪ್ಪ, ಸಂಬಳ ಎಲ್ಲವೂ ಅರಮನೆಯಿಂದ ಬರುತ್ತಿತ್ತು. ಸ್ವಾತಂತ್ರ್ಯಾನಂತರ ಸಂಸ್ಥಾನಗಳು ವಿಲೀನಗೊಂಡು ಆ ಆಶ್ರಯ ತಪ್ಪಿತು. ಇನ್ನು ಮಲ್ಲನನ್ನು ಸಾಕಬೇಕಾದವರು ಟಿಕೆಟ್ ಕೊಳ್ಳುವ ಜನ. ಆ ಕಾಲದ ನಾಯಕನೇ ದಾರಾ ಸಿಂಗ್. 1928ರಲ್ಲಿ ಅಮೃತಸರ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಸಿಂಗಪುರಕ್ಕೆ ಹೋಗಿ ಫ್ರೀಸ್ಟೈಲ್ ಕುಸ್ತಿಯಲ್ಲಿ ಹೆಸರು ಮಾಡಿ ಮರಳಿದವರು. ಅವರ ಬಹುಕಾಲದ ಎದುರಾಳಿ ಕಿಂಗ್ ಕಾಂಗ್. ನಿಜನಾಮ ಎಮಿಲ್ ಚಾಯಾ, ಹಂಗೇರಿ ಮೂಲದ ದೈತ್ಯ. ಇನ್ನೂರು ಕೆ.ಜಿ. ತೂಗುತ್ತಾನೆಂದು ಪ್ರಚಾರ.

ನನ್ನ ಸೋದರಮಾವ ಆಗಿನ ಬೊಂಬಾಯಿಯ ಉಡುಪಿ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ವರ್ಷಕ್ಕೊಮ್ಮೆ ಊರಿಗೆ ಬಂದಾಗ ನಮಗೆ ಮಕ್ಕಳಿಗೆಲ್ಲ ಬಿಸ್ಕತ್ತಿನ ಪೊಟ್ಟಣದೊಡನೆ ದಾರಾ ಸಿಂಗನ ಕಥೆಯೂ ಬರುತ್ತಿತ್ತು. "ಕಿಂಗ್ ಕಾಂಗನನ್ನು ಅಕ್ಕಿಮುಡಿ ಎತ್ತಿದ ಹಾಗೆ ತಲೆಯ ಮೇಲೆತ್ತಿ ಹಗ್ಗದಾಚೆ ಬಿಸಾಡಿದ!" ಎನ್ನುವಾಗ ಮಾವನ ಎರಡೂ ಕೈ ಮೇಲಕ್ಕೇರುತ್ತಿದ್ದವು. ಒಮ್ಮೆ ಜಗಲಿಯಲ್ಲಿ ಕುಳಿತಿದ್ದ ನನ್ನ ತಂದೆಯವರು ಎಲೆಯಡಿಕೆ ಜಗಿಯುತ್ತ, "ರಾತ್ರಿ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಉಣ್ಣುತ್ತಾರಂತೆ ಮಾರಾಯ" ಎಂದರು. ಮಾವ ಸ್ವಲ್ಪವೂ ವಿಚಲಿತರಾಗಲಿಲ್ಲ. "ಅದಕ್ಕೇನು ಭಾವ? ಆಟದ ಕೌರವನೂ ಭೀಮನೂ ಚೌಕಿಯಲ್ಲಿ ಒಟ್ಟಿಗೇ ಕೂತು ಚಹಾ ಕುಡಿಯುವುದಿಲ್ಲವೇ? ಹಾಗೆಂದು ನೀವು ಗದಾಯುದ್ಧ ನೋಡದೆ ಎದ್ದು ಬರುತ್ತೀರಾ?" ತಂದೆಯವರು ಮರುಮಾತಾಡಲಿಲ್ಲ. ಪ್ರಸಂಗದ ಕೊನೆ ಏನೆಂದು ತಿಳಿದೂ ಬೆಳಗಿನವರೆಗೆ ಬಯಲಾಟ ನೋಡುವವರಲ್ಲಿ ಅವರೂ ಒಬ್ಬರು.

ಹಾಗಾದರೆ ದಾರಾ ಸಿಂಗ್ ಬರಿಯ ನಟರೇ? ಅಲ್ಲ. 1968ರ ಮೇ ತಿಂಗಳಲ್ಲಿ ಬೊಂಬಾಯಿಯಲ್ಲಿ ಅವರು ಅಮೆರಿಕದ ಲೂ ಥೆಜ್‌ನನ್ನು ಸೋಲಿಸಿದರು. ಥೆಜ್ ಪಟ್ಟುಗಳ ವಿದ್ಯೆಯನ್ನು ಆಳವಾಗಿ ಬಲ್ಲವನು, ವೇಷಾಡಂಬರವನ್ನು ಕಂಡರಾಗದವನು. ದಾರಾ ನಿಜವಾದ ಕುಸ್ತಿ ಬಲ್ಲವರು, ಅವರಿಗೆ ಸೋಲುವುದರಲ್ಲಿ ತನಗೆ ಸಂಕೋಚವಿರಲಿಲ್ಲ ಎಂಬರ್ಥದಲ್ಲಿ ಅವನು ಬರೆದುಕೊಂಡಿದ್ದಾನೆ. ಈ ಮಾತಿನಲ್ಲಿ ಎರಡೂ ಸತ್ಯಗಳು ಸೇರಿವೆ: ಫಲಿತಾಂಶ ಒಪ್ಪಂದದ್ದಿರಬಹುದು, ದೇಹ ಮಾತ್ರ ಅಪ್ಪಟ. 1987–88ರಲ್ಲಿ ದೂರದರ್ಶನದ 'ರಾಮಾಯಣ'ದಲ್ಲಿ ಇದೇ ದಾರಾ ಸಿಂಗ್ ಹನುಮಂತನಾಗಿ ಬಂದಾಗ, ಅವರ ಕುಸ್ತಿ ಸುಳ್ಳೆಂದು ವಾದಿಸಿದ್ದ ಹಿರಿಯರೂ ಟಿ.ವಿ.ಗೆ ಕೈ ಮುಗಿದದ್ದನ್ನು ನಾನು ಕಂಡಿದ್ದೇನೆ.

ನಮ್ಮ ಜನ ಹೀಗೆ ನಗುತ್ತ ಒಪ್ಪಿಕೊಂಡ ಗುಟ್ಟನ್ನು ಅಮೆರಿಕದ ಕುಸ್ತಿಯ ಯಜಮಾನರು ಪ್ರಾಣದಂತೆ ಕಾಪಾಡಿದರು. ಹೊರಗಿನವರ ಮುಂದೆ ಎಲ್ಲವೂ ನಿಜವೆಂದೇ ನಡೆದುಕೊಳ್ಳುವ ಈ ಕಟ್ಟುಪಾಡಿಗೆ ಅವರ ವೃತ್ತಿಯಲ್ಲಿ 'ಕೇಫೇಬ್' ಎಂದು ಹೆಸರು. 1984ರ ಡಿಸೆಂಬರಿನಲ್ಲಿ ಒಬ್ಬ ದೂರದರ್ಶನ ವರದಿಗಾರ ಡೇವಿಡ್ ಶುಲ್ಟ್ಸ್ ಎಂಬ ಮಲ್ಲನಿಗೆ ಇದೆಲ್ಲ ಸುಳ್ಳಲ್ಲವೇ ಎಂದು ಕೇಳಿ ಎರಡು ಕಿವಿಗೂ ಏಟು ತಿಂದ. 1987ರಲ್ಲಿ ನ್ಯೂಜೆರ್ಸಿಯ ಪೊಲೀಸರು ಒಂದು ಕಾರನ್ನು ತಡೆದಾಗ ಒಳಗೆ ಜಿಮ್ ಡಗ್ಗನ್ ಮತ್ತು ಐರನ್ ಶೇಖ್ ಇದ್ದರು. ಮಾದಕವಸ್ತುವಿನ ಆರೋಪದ ಮೇಲೆ ಇಬ್ಬರೂ ಸಿಕ್ಕಿಬಿದ್ದರು. ಅಭಿಮಾನಿಗಳಿಗೆ ಆಘಾತ ತಂದದ್ದು ಮಾದಕವಸ್ತುವಲ್ಲ. ಅಖಾಡದಲ್ಲಿ ಕಡುವೈರಿಗಳಾದ ಅಮೆರಿಕದ ದೇಶಭಕ್ತನೂ ಇರಾನಿನ ಖಳನೂ ಒಂದೇ ಕಾರಿನಲ್ಲಿ ಪಯಣಿಸುತ್ತಿದ್ದರೆಂಬ ಸುದ್ದಿ. ಸೋದರಮಾವನ ಚೌಕಿಯ ಮಾತನ್ನು ಅವರಿಗೆ ಹೇಳಿಕೊಡುವವರಿರಲಿಲ್ಲ.

ಕಡೆಗೆ ಗುಟ್ಟು ರಟ್ಟಾದದ್ದು ಯಾವ ಪತ್ರಕರ್ತನ ಸಾಹಸದಿಂದಲೂ ಅಲ್ಲ. 1989ರಲ್ಲಿ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯೇ ನ್ಯೂಜೆರ್ಸಿಯ ಶಾಸನಸಭೆಯ ಮುಂದೆ ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತು. ಕ್ರೀಡಾ ಆಯೋಗದ ನಿಯಂತ್ರಣ ಮತ್ತು ತೆರಿಗೆಯಿಂದ ಪಾರಾಗುವುದು ಅದರ ಉದ್ದೇಶ. ಅಭಿಮಾನಿಗಳು ಕೈಬಿಟ್ಟರೇ? ಇಲ್ಲ. 1990ರ ದಶಕದ ಕೊನೆಯಲ್ಲಿ ಜನ ಮೊದಲಿಗಿಂತ ಹೆಚ್ಚಾಗಿಯೇ ಕಿಕ್ಕಿರಿದರು. ಗುಟ್ಟು ಒಡೆದರೆ ಜನ ಬರುವುದಿಲ್ಲವೆಂಬ ಭಯ ಬರಿಯ ಭಯವಾಗಿಯೇ ಉಳಿಯಿತು.

ನಾನು ಕೆಲಸ ಮಾಡಿದ ಬಯಲುಸೀಮೆಯ ಊರಿನಲ್ಲಿ ಒಂದು ಗರಡಿಮನೆಯಿತ್ತು. ಅಲ್ಲಿನ ಹಿರಿಯ ಪೈಲ್ವಾನರೊಬ್ಬರು ಒಂದು ಸಂಜೆ ನಮ್ಮ ಮನೆಗೆ ಬಂದಿದ್ದಾಗ ಟಿ.ವಿ.ಯಲ್ಲಿ ಈ ಕುಸ್ತಿ ನಡೆಯುತ್ತಿತ್ತು. ಒಬ್ಬ ಮಲ್ಲ ಹಗ್ಗದ ಮೇಲಿಂದ ಹಾರಿ ಬೆನ್ನಡಿಯಾಗಿ ಬಿದ್ದ. ನನ್ನ ಮಗ "ಎಲ್ಲ ಸುಳ್ಳು ಅಜ್ಜ" ಎಂದು ನಕ್ಕ. ಪೈಲ್ವಾನರು ನಗಲಿಲ್ಲ. "ಸೋಲು ಗೆಲುವು ಸುಳ್ಳಿರಬಹುದಪ್ಪ. ಆದ್ರೆ ಹಂಗೆ ಬೀಳಾದು ಸುಮ್ನೆ ಬರಲ್ಲ. ಬೀಳಾದ್ ಕಲೀಬೇಕು ಅಂದ್ರೆ ಸಾವಿರ ಸಲ ಬೀಳಬೇಕು. ನೆಲಕ್ಕೆ ನಾಟಕ ಗೊತ್ತಿಲ್ಲ" ಎಂದರು. ನಾನು ಕೇಳಿದ ಅಭಿಮಾನಿಗಳ ವಿಮರ್ಶೆಗಳಲ್ಲೆಲ್ಲ ಇದಕ್ಕಿಂತ ತೂಕದ್ದಿಲ್ಲ.

ಆ ಮಾತಿನ ಭಾರ 1999ರ ಮೇ 23ರಂದು ಲೋಕಕ್ಕೆ ತಿಳಿಯಿತು. ಅಮೆರಿಕದ ಕಾನ್ಸಾಸ್ ಸಿಟಿಯ ಕೆಂಪರ್ ಅರೀನಾದಲ್ಲಿ ಓವನ್ ಹಾರ್ಟ್ ಎಂಬ ಕೆನಡಾದ ಮಲ್ಲನನ್ನು ಹಾಸ್ಯದ ವೇಷದಲ್ಲಿ ಛಾವಣಿಯಿಂದ ಹಗ್ಗದ ಮೂಲಕ ಇಳಿಸುವ ಏರ್ಪಾಡಾಗಿತ್ತು. ಕೊಕ್ಕೆ ಬಿಚ್ಚಿಕೊಂಡು ಅವನು ಸುಮಾರು 24 ಮೀಟರ್ ಎತ್ತರದಿಂದ ಕೆಳಗೆ ಬಿದ್ದ. ನೋಡಿದವರಲ್ಲಿ ಹಲವರು ಇದೂ ಆಟದ ಭಾಗವೆಂದೇ ಭಾವಿಸಿದರು. ವಿವರಣೆಗಾರ ಜಿಮ್ ರಾಸ್, ಇದು ಪ್ರದರ್ಶನದ ಭಾಗವಲ್ಲವೆಂದು ಟಿ.ವಿ. ವೀಕ್ಷಕರಿಗೆ ಮತ್ತೆ ಮತ್ತೆ ಹೇಳಬೇಕಾಯಿತು. ಓವನ್ ತೀರಿಕೊಂಡ ಸುದ್ದಿಯನ್ನು ಒಳಗೆ ಕುಳಿತಿದ್ದ ಸಾವಿರಾರು ಜನರಿಗೆ ತಿಳಿಸಲಿಲ್ಲ; ಆಟ ಮುಂದುವರಿಯಿತು. ಅವನಿಗೆ ಆಗ 34 ವರ್ಷ. ಹೆಂಡತಿ, ಇಬ್ಬರು ಎಳೆಯ ಮಕ್ಕಳಿದ್ದರು.

ಈ ಘಟನೆಯನ್ನು ಓದಿದ ಮೇಲೆ 'ನಿಜವೋ ನಾಟಕವೋ' ಎಂಬ ಪ್ರಶ್ನೆಯೇ ನನಗೆ ಅಪೂರ್ಣವೆನ್ನಿಸಿತು. ಮೈಸೂರಿನ ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ನೀವು ಕೇಳಿಬಲ್ಲಿರಿ. ಅರಮನೆಯ ಅಂಗಳದಲ್ಲಿ ನಡೆಯುವ ಆ ಕಾಳಗ ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ನಿಲ್ಲುತ್ತದೆ. ಅದು ವಿಧಿಯೂ ಹೌದು, ಗಾಯವೂ ಹೌದು. ಆದರೆ ಅಲ್ಲಿ ನಿಲ್ಲಿಸುವ ಗಳಿಗೆ ಎಲ್ಲರಿಗೂ ಗೊತ್ತು. ರಕ್ತ ಕಂಡ ಮೇಲೆ ಯಾರೂ ಆಟ ಮುಂದುವರಿಸುವುದಿಲ್ಲ. ಕಾನ್ಸಾಸ್ ಸಿಟಿಯಲ್ಲಿ ತಪ್ಪಿದ್ದು ಆ ಗಳಿಗೆ. ವೇಷ ಹಾಕುವುದು ಮೋಸವಲ್ಲ, ನೋಡುವವರು ಅದನ್ನು ಬಲ್ಲರು. ವೇಷದೊಳಗಿನ ಮನುಷ್ಯ ಬಿದ್ದಾಗಲೂ ಆಟ ನಿಲ್ಲದಿದ್ದರೆ ಅದು ಮೋಸ, ನೋಡುವವರಿಗೂ, ಬಿದ್ದವನಿಗೂ.

ಇಂದು ನಿಮ್ಮಲ್ಲಿ ಅನೇಕರು ತಂದೆತಾಯಿಗಳಾಗಿದ್ದೀರಿ. 2007ರಲ್ಲಿ ಹಿಮಾಚಲದ ಖಲಿ ವಿಶ್ವಚಾಂಪಿಯನ್ ಆದಾಗ ಸಿಹಿ ಹಂಚಿದವರ ಪರಿಚಯವೂ ನನಗಿದೆ! ನಿಮ್ಮ ಮಕ್ಕಳು ಇದೇ ಪ್ರಶ್ನೆ ಕೇಳಿದರೆ 'ಎಲ್ಲ ಸುಳ್ಳು' ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ಸುಳ್ಳೆಂದು ತಿಳಿದ ಮಗು ಮಂಚದ ಮೇಲಿಂದ ತಮ್ಮನ ಮೇಲೆ ಹಾರಲು ಹಿಂಜರಿಯುವುದಿಲ್ಲ. ಗೆಲುವು ಮಾತಾಡಿಕೊಂಡದ್ದು, ಬೀಳುವುದು ಕಲಿತದ್ದು, ನೋವು ನಿಜವಾದದ್ದು ಎಂದು ಮೂರನ್ನೂ ಬಿಡಿಸಿ ಹೇಳಿ. ಇತಿಹಾಸದ ಪಾಠದಲ್ಲಿಯೂ ನಾವು ಮಾಡುತ್ತಿದ್ದುದು ಅದನ್ನೇ ಅಲ್ಲವೇ?

ದಾರಾ ಸಿಂಗ್, ಕಿಂಗ್ ಕಾಂಗರನ್ನು ಕಣ್ಣಾರೆ ಕಂಡ ಹಿರಿಯರು ಯಾರಾದರೂ ನಿಮ್ಮ ಮನೆಗಳಲ್ಲಿದ್ದರೆ, ಅವರ ನೆನಪುಗಳನ್ನು ಕೇಳಿ ಬರೆದಿಡಿ. ನನಗೂ ಒಂದು ಪ್ರತಿ ಕಳುಹಿಸಿ. ಉತ್ಪ್ರೇಕ್ಷೆಯಿದ್ದರೆ ಇರಲಿ, ತಿದ್ದಬೇಡಿ. ಅಕ್ಕಿಮುಡಿ ಎಷ್ಟು ಎತ್ತರಕ್ಕೆ ಏರಿತೆಂಬುದೂ ನಮಗೆ ಬೇಕಾದ ದಾಖಲೆಯೇ.