ಲೋಹಗಳ ಸೂಕ್ಷ್ಮರಚನೆಯ ಅಧ್ಯಯನ

ಲೋಹದ ಮೈಯನ್ನು ಉಜ್ಜಿ ನುಣುಪುಗೊಳಿಸಿ, ತೆಳುವಾದ ಆಮ್ಲದಿಂದ ಲಘುವಾಗಿ ಸವೆಯಿಸಿ, ಅದರ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಶಾಸ್ತ್ರ. ಕೀಟದ ರೆಕ್ಕೆಯನ್ನೂ ಎಲೆಯ ನರವನ್ನೂ ತೋರಿಸಿಕೊಟ್ಟ ಮಸೂರಗಳು ಲೋಹದ ಮುಂದೆ ಬಹುಕಾಲ ಸೋತು ನಿಂತುದಕ್ಕೆ ಅವುಗಳ ಶಕ್ತಿಹೀನತೆಯೊಂದೇ ಕಾರಣವಲ್ಲ. ಬೆಳಕು ಹಾಯದ ವಸ್ತುವಾದ್ದರಿಂದ ಲೋಹವನ್ನು ಪ್ರತಿಫಲಿತವಾದ ಬೆಳಕಿನಲ್ಲಿಯೇ ನೋಡಬೇಕು, ಆ ಮೈಯಾದರೋ ಉಜ್ಜಿದಷ್ಟೂ ಕನ್ನಡಿಯಂತೆ ಹೊಳೆಯುವುದಲ್ಲದೆ ತನ್ನೊಳಗನ್ನು ಬಿಟ್ಟುಕೊಡದು. 1665ರಲ್ಲಿ ಕ್ಷೌರದ ಕತ್ತಿಯ ಅಲಗನ್ನು ನೋಡಿದ ರಾಬರ್ಟ್ ಹುಕ್‌ಗೆ ಕಂಡುದು ಗೀರುಗಳು ಮಾತ್ರ.

ಈ ಮೌನವನ್ನು ಮುರಿದುದು ಆಮ್ಲ, ಅದೂ ಆಕಸ್ಮಿಕವಾಗಿ. ನೇಪಲ್ಸ್‌ನಲ್ಲಿದ್ದ ಆಂಗ್ಲ ವಿದ್ವಾಂಸ ಥಾಮ್ಸನ್ ಉಲ್ಕಾಲೋಹದ ತುಕ್ಕನ್ನು ಕಳೆಯಲೆಂದು ನೈಟ್ರಿಕ್ ಆಮ್ಲ ಹಚ್ಚಿ, ಅದರಿಂದ ಮೂಡಿದ ವಿನ್ಯಾಸವನ್ನು 1804ರಲ್ಲಿ ಪ್ರಕಟಿಸಿದನು. 1808ರಲ್ಲಿ ವಿಯೆನ್ನಾದ ವಿಡ್‌ಮನ್‌ಸ್ಟೆಟನ್ ಅಂಥದೇ ವಿನ್ಯಾಸವನ್ನು ಸ್ವತಂತ್ರವಾಗಿ ಕಂಡನು. ಕೀರ್ತಿ ಸಂದುದು ಎರಡನೆಯವನ ಹೆಸರಿಗೆ. ಇವು ಬರಿಗಣ್ಣಿಗೇ ಕಾಣುವಷ್ಟು ದೊಡ್ಡ ರೇಖೆಗಳಾಗಿದ್ದವು. ಉಕ್ಕಿನ ಒಳರಚನೆಯನ್ನರಿಯಲು ಸೂಕ್ಷ್ಮದರ್ಶಕವನ್ನು ಹಿಡಿದ ಮೊದಲಿಗರಲ್ಲಿ ಒಬ್ಬನು ರಷ್ಯದ ಪಾವೆಲ್ ಅನೊಸೊವ್. 1831ರ ಸುಮಾರಿಗೆ ಅವನು ಬಿಡಿಸಹೊರಟುದು ಅಲೆಯಲೆಯಾದ ಮೈಯುಳ್ಳ ಡಮಾಸ್ಕಸ್ ಕತ್ತಿಗಳ ರಹಸ್ಯವನ್ನು. ಅಂಥ ಕತ್ತಿಗಳಿಗೆ ಒದಗುತ್ತಿದ್ದ ದಕ್ಷಿಣ ಭಾರತದ ಮೂಸೆಯುಕ್ಕು ಮೈಸೂರು ಸೀಮೆಯಲ್ಲಿಯೂ ತಯಾರಾಗುತ್ತಿತ್ತು. ಆಂಗ್ಲರ 'ವೂಟ್ಸ್' ಎಂಬ ಮಾತು ನಮ್ಮ 'ಉಕ್ಕು' ಶಬ್ದದ ಅಪಭ್ರಂಶವೆಂಬುದು ಬಹುಜನರ ಮತ.

ಆದರೆ ಶಾಸ್ತ್ರವೆನ್ನಿಸಿಕೊಳ್ಳುವ ಯೋಗ್ಯತೆಯನ್ನು ಇದಕ್ಕೆ ತಂದವನು ಶೆಫೀಲ್ಡ್ ನಗರದ ಹೆನ್ರಿ ಕ್ಲಿಫ್ಟನ್ ಸಾರ್ಬಿ (1826–1908). ಪಿತ್ರಾರ್ಜಿತದಿಂದ ಜೀವನಚಿಂತೆಯಿಲ್ಲದೆ, ಯಾವ ಪೀಠವನ್ನೂ ಆಶ್ರಯಿಸದೆ ತನ್ನ ಮನೆಯಲ್ಲಿಯೇ ಶಿಲೆಗಳನ್ನು ಬೆಳಕು ಹಾಯುವಷ್ಟು ತೆಳ್ಳಗೆ ತೇಯ್ದು ನೋಡುತ್ತಿದ್ದ ಈತನು, 1863ರಲ್ಲಿ ಅದೇ ತಾಳ್ಮೆಯನ್ನು ಕಬ್ಬಿಣದತ್ತ ಹರಿಸಿದನು. ಉಜ್ಜುವಾಗ ಲೋಹದ ಮೇಲ್ಪದರ ಕದಡಿ ನಿಜರೂಪವನ್ನು ಮುಚ್ಚುವುದುಂಟು. ಹಿತಮಿತವಾದ ಆಮ್ಲ ಆ ಪದರವನ್ನು ಕಳೆದು, ಹರಳಿನ ಕಣಗಳ ನಡುವಣ ಎಲ್ಲೆಗಳನ್ನು ಹೆಚ್ಚಾಗಿ ತಿಂದು, ಒಂದೊಂದು ಕಣವನ್ನೂ ಬೇರೆಬೇರೆಯಾಗಿ ತೋರಿಸುವುದು. 1864ರಲ್ಲಿ ಬಾತ್ ನಗರದ ವಿದ್ವತ್ಸಭೆಯಲ್ಲಿ ಆತನು ಇದನ್ನು ನಿರೂಪಿಸಿದಾಗ ಉಕ್ಕಿನ ಉದ್ಯಮಿಗಳು ಕಿವಿಗೊಡಲಿಲ್ಲ. ಅಪಘಾತವಾದ ರೈಲುಕಂಬಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿರೆಂದಿದ್ದರೆ ತನ್ನನ್ನು ಹುಚ್ಚಾಸ್ಪತ್ರೆಗೆ ಕಳುಹಿಸುತ್ತಿದ್ದರೆಂದು ಮುಂದೆ ಆತನೇ ಸ್ಮರಿಸಿಕೊಂಡುದುಂಟು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದು, ಹೆಚ್ಚು ಶಕ್ತಿಯ ಮಸೂರದಲ್ಲಿ ಮತ್ತೆ ನೋಡಿದಾಗ, ಉಕ್ಕಿನಲ್ಲಿ ಕಾಣುವ ಮುತ್ತಿನ ಹೊಳಪಿನ ಒಂದು ಘಟಕವು ಮೆದುವಾದ ಕಬ್ಬಿಣದ ಮತ್ತು ಗಡುಸಾದ ಕಾರ್ಬೈಡಿನ ಪದರಗಳು ಒಂದರ ಮೇಲೊಂದು ಕೂಡಿದ ರಚನೆಯೆಂದು ತಿಳಿಯಿತು. ಇದನ್ನು 1887ರಲ್ಲಿ ಪ್ರಕಟಿಸಿದನು.

ಅಷ್ಟರಲ್ಲಿ ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ 1878ರಿಂದ ಸ್ವತಂತ್ರವಾಗಿ ಇದೇ ಹಾದಿ ಹಿಡಿದಿದ್ದನು. ನಾಮಕರಣದ ಹೊಣೆ ಹೊತ್ತವರಲ್ಲಿ ಮುಖ್ಯನು ಫ್ರಾನ್ಸಿನ ಆಸ್ಮಂಡ್: ಥಟ್ಟನೆ ತಣಿಸಿದ ಗಡುಸು ಉಕ್ಕಿನ ರಚನೆಗೆ 'ಮಾರ್ಟೆನ್ಸೈಟ್' ಎಂದೂ ಇನ್ನೊಂದಕ್ಕೆ 'ಸಾರ್ಬೈಟ್' ಎಂದೂ ಹೆಸರಿಟ್ಟನು. ಮೊದಲನೆಯದು ಇಂದಿಗೂ ಬಳಕೆಯಲ್ಲಿದೆ. ಎರಡನೆಯದು ಬೇರೊಂದು ಘಟಕವೇ ಅಲ್ಲವೆಂದು ತಿಳಿದ ಮೇಲೆ ಹೆಸರೂ ಮಾಸಿತು. ಸಾರ್ಬಿ ಕಂಡ ಮುತ್ತಿನ ಘಟಕ ಮಾತ್ರ, ಹೋವ್ ಎಂಬ ಅಮೆರಿಕನ್ನನು ಇಟ್ಟ 'ಪರ್ಲೈಟ್' ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ.