ಹೊನ್ನೆ ಲೋಟದ ನೀರು ಕುಡಿದರೆ ಶುಗರ್ ಮಾತ್ರೆ ಬಿಡಬಹುದೇ?

‘ರಾತ್ರಿ ಹೊನ್ನೆ ಮರದ ಲೋಟದಲ್ಲಿ ನೀರಿಡಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿಯಿರಿ, ಮಾತ್ರೆ ಬಿಸಾಡಿ.’ ಇಂಥ ಫಾರ್ವರ್ಡ್ ನಿಮ್ಮ ಮನೆಯ ಗ್ರೂಪಿಗೂ ಬಂದಿರಬಹುದು. ಮೊದಲೇ ಹೇಳಿಬಿಡುತ್ತೇವೆ, ಇದರ ಕೊನೆಯ ಮಾತು ಅಪಾಯಕಾರಿ. ಉಳಿದದ್ದು ಪೂರ್ತಿ ಕಟ್ಟುಕಥೆಯಲ್ಲ, ಅದಕ್ಕೇ ಜನ ನಂಬುತ್ತಾರೆ.

ಹಾನಗಲ್ಲಿನಿಂದ ಮುಂಡಗೋಡದ ಕಡೆಗೆ ಹೋದರೆ ಸಿಗುವ ಕಾಡುಗಳಲ್ಲಿ ತೇಗ, ಮತ್ತಿಯ ಜೊತೆ ಹೊನ್ನೆಯೂ ಬೆಳೆಯುತ್ತದೆ. ತೊಗರಿ, ಹುಣಸೆ, ಹೊಂಗೆ ಇವೆಲ್ಲ ಇರುವ ದ್ವಿದಳ ಕುಟುಂಬದ ಮರ ಇದು. ತೊಗಟೆಗೆ ಕೊಡಲಿ ತಾಕಿದರೆ ನೆತ್ತರಿನಂಥ ಕೆಂಪು ಅಂಟು ಒಸರುತ್ತದೆ. ಅದರ ಒಗರಿಗೆ ಕಾರಣ ಟ್ಯಾನಿನ್. ಭೇದಿ ಕಟ್ಟಲು ಈ ಅಂಟನ್ನು ಬಳಸುತ್ತಿದ್ದರು. ‘ಕೈನೋ’ ಹೆಸರಿನಲ್ಲಿ ಬ್ರಿಟಿಷರ ಔಷಧಕೋಶಕ್ಕೂ ಅದು ಸೇರಿತ್ತು.

ಹೆಸರುಗಳಲ್ಲಿ ಮೋಸಹೋಗಬೇಡಿ. ಸುರಹೊನ್ನೆ ಬೇರೆಯೇ ಕುಟುಂಬದ್ದು. ಹೊಂಗೆ ಇದೇ ಕುಟುಂಬದ್ದಾದರೂ ಅದರ ಎಣ್ಣೆ ದೀಪಕ್ಕೇ ಹೊರತು ಹೊಟ್ಟೆಗಲ್ಲ. ಸವಣೂರಿನ ಪ್ರಸಿದ್ಧ ದೊಡ್ಡಹುಣಸೆಯಂತೂ ಹುಣಸೆಯೇ ಅಲ್ಲ, ಆಫ್ರಿಕಾ ಮೂಲದ ಬಾವೋಬಾಬ್!

ಲೋಟವನ್ನು ಮಾಡುವುದು ಮರದ ಒಳಗಿನ ಚೇಗಿನಿಂದ. ನೀರು ಕಂದುಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ನೀಲಿಯಾಗಿ ಹೊಳೆಯುತ್ತದೆ. ನೋಡಿದವರಿಗೆ ‘ಔಷಧ ಇಳಿಯಿತು’ ಅನ್ನಿಸುವುದು ಸಹಜ. ಆದರೆ ಬಣ್ಣ ಬಂದಿತೆಂದರೆ ಔಷಧ ಸಾಕಷ್ಟು ಬಂದಿತೆಂದಲ್ಲ. ಚೇಗಿನಲ್ಲಿರುವ ಟೆರೋಸ್ಟಿಲ್ಬೀನ್ ಎಂಬ ರಾಸಾಯನಿಕಕ್ಕೆ ಪ್ರಾಣಿಗಳಲ್ಲಿ ಸಕ್ಕರೆ ಇಳಿಸುವ ಗುಣ ಕಂಡಿದೆ, ಅದು ನೀರಿನಲ್ಲಿ ಕರಗುವುದೇ ಅಪರೂಪ. ತೊಗಟೆಯ ಎಪಿಕ್ಯಾಟೆಚಿನ್ ಇಲಿಗಳಲ್ಲಿ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಮತ್ತೆ ಬೆಳೆಸಿತು ಎಂದು 1980ರ ದಶಕದಲ್ಲಿ ವರದಿಯಾಗಿತ್ತು. ಬೇರೆ ಪ್ರಯೋಗಾಲಯಗಳಲ್ಲಿ ಅದೇ ಫಲ ಸಿಗಲಿಲ್ಲ.

ಮನುಷ್ಯರ ಮೇಲೂ ಪರೀಕ್ಷೆ ನಡೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 97 ರೋಗಿಗಳ ಪೈಕಿ 67 ಮಂದಿಗೆ 12 ವಾರದೊಳಗೆ ಸಕ್ಕರೆ ಹತೋಟಿಗೆ ಬಂತು. ಫಾರ್ವರ್ಡ್‌ನವರು ಕುಣಿದಾಡುವ ಅಂಕಿ ಇದು. ಆದರೆ ಅಲ್ಲಿ ಕೊಟ್ಟದ್ದು ದಿನಕ್ಕೆ 2ರಿಂದ 4 ಗ್ರಾಂ ಅಳೆದ ಸಾರ, ಲೋಟದ ನೀರಲ್ಲ. ರೋಗಿಗಳು ಹೊಸದಾಗಿ ಪತ್ತೆಯಾದವರು. ಹೋಲಿಸಿ ನೋಡಲು ಔಷಧವಿಲ್ಲದ ಇನ್ನೊಂದು ಗುಂಪು ಇರಲಿಲ್ಲ. ಹತ್ತು ವರ್ಷದಿಂದ ಮಾತ್ರೆ ನುಂಗುತ್ತಿರುವ ನಿಮ್ಮ ಅಪ್ಪನಿಗೆ ಇದನ್ನು ಅನ್ವಯಿಸಲಾಗದು.

ಇನ್ನೊಂದು ಸ್ವಾರಸ್ಯ. ‘ಬಿಸಾಡಿ’ ಎನ್ನುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ದ್ವಿದಳ ಕುಟುಂಬದ ಗಿಡವೇ! ಯುರೋಪಿನ ಗಲೇಗಾ ಗಿಡದಲ್ಲಿರುವ ಗಲೇಗಿನ್ ಸಕ್ಕರೆ ಇಳಿಸುತ್ತಿತ್ತು. ಆದರೆ ವಿಷ, ಆ ಗಿಡ ಮೇಯ್ದ ಕುರಿಗಳು ಸಾಯುತ್ತಿದ್ದವು. ಅದೇ ಜಾತಿಯ, ಆದರೆ ಸೌಮ್ಯವಾದ ಮೆಟ್‌ಫಾರ್ಮಿನ್ 1922ರಲ್ಲಿ ಪ್ರಯೋಗಾಲಯದಲ್ಲಿ ತಯಾರಾಯಿತು. ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ 1957ರಲ್ಲಿ ರೋಗಿಗಳ ಮೇಲಿನ ಫಲಿತಾಂಶ ಪ್ರಕಟಿಸಿದರು. ಗಿಡಮೂಲಿಕೆಯನ್ನೇ ಶೋಧಿಸಿ, ಅಳೆದು, ಪರೀಕ್ಷಿಸಿ ಮಾಡಿದ್ದನ್ನು ಬಿಟ್ಟು, ಅಳತೆಯಿಲ್ಲದ ನೀರು ಕುಡಿಯಿರಿ ಎನ್ನುತ್ತದೆ ಸಂದೇಶ.

ಮಾತ್ರೆ ಬಿಟ್ಟರೆ ಸಕ್ಕರೆ ಸದ್ದಿಲ್ಲದೆ ಏರುತ್ತದೆ. ಕಣ್ಣು, ಮೂತ್ರಪಿಂಡ, ಕಾಲಿನ ನರ ಕೆಡುತ್ತಾ ಹೋಗುತ್ತವೆ. ಟೈಪ್ 1 ಇರುವ ಮಕ್ಕಳಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಕುತ್ತು. ಹೊನ್ನೆ ನೀರು ಕುಡಿಯಲೇಬೇಕೆಂದರೆ ಮಾತ್ರೆ ಮುಂದುವರಿಸಿ, ವೈದ್ಯರಿಗೆ ತಿಳಿಸಿ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿಯುವ ಸಾಧ್ಯತೆಯೂ ಇದೆ. ಬೆವರು, ಕೈನಡುಕ, ತಲೆಸುತ್ತು ಬಂದರೆ ತಕ್ಷಣ ಸಕ್ಕರೆ ಬಾಯಿಗೆ ಹಾಕಿ. ಹಾನಗಲ್ ಇರಲಿ, ಶಿಗ್ಗಾಂವ, ಸವಣೂರು, ಹಿರೇಕೆರೂರು ಇರಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಶುಗರ್ ಪರೀಕ್ಷೆ ಮಾಡಿಸಬಹುದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಕೇಳಿ ನೋಡಿ.

ಅಂದಹಾಗೆ, ಚೇಗು ಬಲಿಯಲು ಮರಕ್ಕೆ ವರ್ಷಗಟ್ಟಲೆ ಬೇಕು. ಹೊನ್ನೆ ಈಗಾಗಲೇ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯದ ಅಂಚಿಗೆ ಬಂದ ಮರ. ಲೋಟವಾದರೋ ಕೆಲವು ವಾರಗಳಲ್ಲೇ ಬಣ್ಣ ಬಿಡುವುದನ್ನು ನಿಲ್ಲಿಸುತ್ತದೆ, ಆಮೇಲೆ ಇನ್ನೊಂದು ಕೊಳ್ಳಬೇಕು.